ಕವಳೆ: ಹಣ್ಣು ಊಟಕ್ಕೆ, ಬೇರು ಪಂಡಿತರಿಗೆ

ಮುಂಗಾರು ಒಂದೆರಡು ಹದ ಮಳೆ ಸುರಿಸಿದ ಮೇಲೆ ಚಿತ್ರದುರ್ಗದ ಸಂತೆಯಲ್ಲಿ, ಹಿರಿಯೂರು, ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಗೋಡೆ ಬದಿಯಲ್ಲಿ, ಹೊಸದುರ್ಗದ ರಸ್ತೆಯ ಗೇಟುಗಳಲ್ಲಿ ಹೆಂಗಸರು ಮಂಕರಿ ಮುಂದಿಟ್ಟುಕೊಂಡು ಕೂರುತ್ತಾರೆ. ಮಂಕರಿಯಲ್ಲಿರುವುದು ಕವಳೆ ಹಣ್ಣು. ಕೆಲವರ ಬಾಯಲ್ಲಿ ಕವಳಿ, ಇನ್ನು ಕೆಲವರ ಬಾಯಲ್ಲಿ ಕೌಳಿ. ಕರಾವಳಿಗೆ ಇಳಿದರೆ ಕರಂಡೆ. ತಕ್ಕಡಿ ಇಲ್ಲ, ಲೋಟದ ಲೆಕ್ಕ. ‘ಕಪ್ಪಗಿರೋದ್ನ ತಗೊಳಣ್ಣ, ಕೆಂಪುದು ಇನ್ನೂ ಒಗರು’ ಎಂದು ಮಾರುವಾಕೆಯೇ ಆರಿಸಿ ಕೊಡುತ್ತಾಳೆ. ತಿಂದವರ ತುಟಿ ಒಂದಕ್ಕೊಂದು ಅಂಟುತ್ತದೆ, ನಾಲಿಗೆ ನೇರಳೆಯಾಗುತ್ತದೆ, ಬಿಳಿ ಅಂಗಿಯ ಮೇಲೆ ಬಿದ್ದ ಕಲೆ ಅಂಗಿ ಹರಿಯುವವರೆಗೂ ಜೊತೆಗಿರುತ್ತದೆ. ಮೂರು ವಾರ, ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಅದೇ ಮಂಕರಿಯಲ್ಲಿ ನೇರಳೆ, ನಂತರ ಸೀತಾಫಲ.

ಈ ನಾಲ್ಕೂ ತಾಲ್ಲೂಕುಗಳಿಗೆ ಹಂಚಿಹೋದ ಕಾಡು ಒಂದಿದೆ, ಜೋಗಿಮಟ್ಟಿ. ಹತ್ತಿರ ಹತ್ತಿರ 10 ಸಾವಿರ ಹೆಕ್ಟೇರ್ ವಿಸ್ತಾರ. 2015ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿತು. ಮಲೆನಾಡಿನ ನೆಂಟರನ್ನು ಕರೆದುಕೊಂಡು ಹೋದರೆ ‘ಕಾಡು ಎಲ್ಲಿದೆ?’ ಎಂದು ಕೇಳುತ್ತಾರೆ. ತುಗ್ಗಲಿ, ಕಮರ, ಬಂದರೆ, ಕಾರೆ, ನಡುನಡುವೆ ಬಾದೆ ಹುಲ್ಲು, ಹುಲ್ಲಿನ ಕೆಳಗೆ ಬರೀ ಕಲ್ಲು. ಆದರೆ ಆ ಕಲ್ಲಿನ ಸಂದಿನಲ್ಲೇ ಕವಳೆಗೆ ನೆಲೆ. ಮಣ್ಣು ಒಂದು ಗೇಣು ಸಿಕ್ಕರೂ ಸಾಕು, ಅದು ಪೊದೆ ಕಟ್ಟುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷವೂ ಕವಳೆ ಅಷ್ಟೋ ಇಷ್ಟೋ ಹಣ್ಣು ಬಿಟ್ಟೇ ಇರುತ್ತದೆ.

ಗಿಡವನ್ನು ಹತ್ತಿರದಿಂದ ನೋಡಬೇಕು. ಎಲೆ ದಪ್ಪ, ಮೇಲ್ಮೈ ಮಿರಮಿರ. ಮುಳ್ಳು ಒಂಟಿಯಾಗಿ ಬರುವುದಿಲ್ಲ, ಎದುರುಬದುರು ಜೋಡಿಯಾಗಿ ಹೊರಡುತ್ತದೆ. ಕೆಲವು ಮುಳ್ಳಿನ ತುದಿ ಮತ್ತೆ ಕವಲೊಡೆದಿರುತ್ತದೆ. ಕೈ ಹಾಕುವಾಗ ಒಂದು ತಪ್ಪಿಸಿದರೆ ಇನ್ನೊಂದು ಚುಚ್ಚುತ್ತದೆ. ಬೇಸಿಗೆಯ ಮೊದಲ ಹನಿ ಬಿದ್ದದ್ದೇ ತಡ, ಬಿಳಿ ನಕ್ಷತ್ರದಂಥ ಹೂವು ಗೊಂಚಲು ಗೊಂಚಲಾಗಿ ಅರಳುತ್ತದೆ. ವಾಸನೆ ಮಲ್ಲಿಗೆಯದು, ಕುಲ ಮಾತ್ರ ಕಣಗಿಲೆಯದು. ಎಲೆ ಕಿತ್ತರೆ ಹಾಲು, ಕಾಯಿ ಕಿತ್ತರೆ ಹಾಲು. ಈ ಕಣಗಿಲೆ ನೆಂಟಸ್ತನವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಾತಿಗಳು ಎರಡು. ಬೇಲಿಗೆ, ತೋಟಕ್ಕೆ ನೆಟ್ಟು ಬೆಳೆಸುವ ದೊಡ್ಡ ಕಾಯಿಯದು ಕ್ಯಾರಿಸ್ಸಾ ಕರಾಂಡಸ್. ಬಯಲುಸೀಮೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸಣ್ಣ ಕಾಯಿಯದು ಹೆಚ್ಚಾಗಿ ಕ್ಯಾರಿಸ್ಸಾ ಸ್ಪಿನಾರಮ್. ಲಿನೇಯಸ್ ಮೊದಲನೆಯದಕ್ಕೆ 1767ರಲ್ಲಿ, ಎರಡನೆಯದಕ್ಕೆ 1771ರಲ್ಲಿ ಹೆಸರಿಟ್ಟ. ಅವನಿಗಿಂತ ಇನ್ನೂರು ವರ್ಷ ಮುಂಚೆಯೇ ‘ಭಾವಪ್ರಕಾಶ’ ಬರೆದ ಭಾವಮಿಶ್ರ ದೊಡ್ಡದು ಕರಮರ್ದ, ಚಿಕ್ಕದು ಕರಮರ್ದಿಕಾ ಎಂದು ಇವೆರಡನ್ನೂ ಬೇರೆಬೇರೆ ಮಾಡಿಟ್ಟಿದ್ದ. ಎರಡನೆಯದರ ಸಂಸಾರ ಬಲು ದೊಡ್ಡದು: ಆಫ್ರಿಕಾದಿಂದ ಹಿಡಿದು ಆಸ್ಟ್ರೇಲಿಯಾದವರೆಗೆ ಹರಡಿದೆ. ಕೀನ್ಯಾದ ಮಸಾಯಿ ದನಗಾಹಿಗಳು ಇದರ ಬೇರನ್ನು ಮಾಂಸದ ಸಾರಿಗೆ ಹಾಕಿ ಕುದಿಸುತ್ತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಇದರ ಕಟ್ಟಿಗೆ ಸುಟ್ಟ ಹೊಗೆಯಿಂದ ಸೊಳ್ಳೆ ಓಡಿಸುತ್ತಾರೆ. ಮಹಾರಾಷ್ಟ್ರದ ಘಾಟಿಗಳಲ್ಲಿ ಇದೇ ಕುಲದ ಹಣ್ಣನ್ನು ‘ಗುಡ್ಡದ ಕರಿ ಮೈನಾ’ ಎಂದು ಕೂಗಿ ಮಾರುತ್ತಾರೆ.

ಕೀಳುವ ಕೆಲಸ ನೋಡಿದವರು ಲೋಟಕ್ಕೆ ಚೌಕಾಸಿ ಮಾಡಲಾರರು. ಬೆಳಕು ಹರಿಯುವ ಹೊತ್ತಿಗೆ ನಾಲ್ಕೈದು ಜನ ಒಟ್ಟಿಗೆ ಹೊರಡುತ್ತಾರೆ. ಒಬ್ಬಳೇ ಹೋಗುವ ಪದ್ಧತಿಯಿಲ್ಲ, ಸುಮ್ಮನೆ ಹೋಗುವ ಪದ್ಧತಿಯೂ ಇಲ್ಲ. ಜೋರಾಗಿ ಮಾತಾಡುತ್ತಾ ಹೋಗಬೇಕು, ಏಕೆಂದರೆ ಈ ಹಣ್ಣೆಂದರೆ ಕರಡಿಗೂ ಪ್ರಾಣ. ಅದು ಪೊದೆಯ ಆ ಬದಿಯಲ್ಲಿ ಮೂತಿ ಹೊಕ್ಕಿಸಿ ತಿನ್ನುತ್ತಿರುವಾಗ ನಾವು ಈ ಬದಿಯಿಂದ ತಲೆ ಹಾಕಿದರೆ ಮುಗಿಯಿತು. ಎಡಗೈಯಲ್ಲಿ ಹಿಡಿದ ಕವೆಕೋಲಿನಿಂದ ರೆಂಬೆ ಎತ್ತಿ, ಬಲಗೈಯನ್ನು ಕೆಳಗಿನಿಂದ ತೂರಿಸಿ ಬಿಡಿಬಿಡಿಯಾಗಿ ಬಿಡಿಸಬೇಕು. ಹಣ್ಣು ಬೇರೆ ಪಾತ್ರೆಗೆ, ದೋರೆಗಾಯಿ ಬೇರೆ ಪಾತ್ರೆಗೆ. ಮಧ್ಯಾಹ್ನದ ಬಸ್ಸಿಗೆ ಮಂಕರಿ ಪೇಟೆ ಸೇರದಿದ್ದರೆ ಮರುದಿನಕ್ಕೆ ಹಣ್ಣು ರಸ ಒಸರಿ ಮುದ್ದೆಯಾಗುತ್ತದೆ. ಕೈ ಮೇಲಿನ ಗೀರುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪೇಟೆಯವರಿಗೆ ಕವಳೆ ಎಂದರೆ ಹಣ್ಣು. ಅಡುಗೆಮನೆಗೆ ಮಾತ್ರ ಅದಕ್ಕಿಂತ ಮುಂಚಿನ ಕಾಯಿಯೇ ಮುಖ್ಯ. ಹಸಿರು ಕಾಯಿಗೆ ತುಸು ಕೆಂಪು ಏರುವ ಹೊತ್ತು ಇದೆಯಲ್ಲ, ಅದು ಸರಿಯಾದ ಹದ. ಹೊಳಲ್ಕೆರೆ ಕಡೆಯ ನಮ್ಮ ಸೋದರತ್ತೆ ಕವಳೆಕಾಯಿಗೆ ಕೂರುವ ಮೊದಲು ಅಂಗೈಗೂ ಈಳಿಗೆಮಣೆಯ ಅಲಗಿಗೂ ಶೇಂಗಾ ಎಣ್ಣೆ ಸವರಿಕೊಳ್ಳುತ್ತಾರೆ. ಕಾಯಿಯನ್ನು ಉದ್ದಕ್ಕೆ ಸೀಳಿ ಬೀಜ ಹಾರಿಸಿ ಉಪ್ಪುನೀರಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬಿಳಿ ಎಳೆ ತೇಲುತ್ತವೆ, ಅದು ಬಿಟ್ಟುಕೊಟ್ಟ ಹಾಲು. ಆ ನೀರು ಚೆಲ್ಲಿ ಇನ್ನೊಮ್ಮೆ ತೊಳೆದರೆ ಗಂಟಲು ಹಿಡಿಯುವ ಒಗರು ಅರ್ಧ ಹೋಗುತ್ತದೆ. ಆಮೇಲೆ ಬಾಣಲೆಯಲ್ಲಿ ಬಾಡಿಸಿದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಂದು ಹಿಡಿ ಕೊತ್ತಂಬರಿ. ಒರಳಿನಲ್ಲಿ ಜಜ್ಜಿದಂತೆ ರುಬ್ಬಬೇಕು, ನುಣ್ಣಗಾಗಬಾರದು. ಹುರಿದ ಹುಚ್ಚೆಳ್ಳು ಪುಡಿ ಇದ್ದರೆ ಎರಡು ಚಮಚ. ಹುಣಸೆಹಣ್ಣಿನ ಮಾತೇ ಇಲ್ಲ. ಬಿಸಿ ರಾಗಿಮುದ್ದೆಯ ತುತ್ತಿಗೆ ಈ ಚಟ್ನಿ ತಗುಲಿಸಿ ನುಂಗಿದರೆ ಸಾರು ಮರೆತುಹೋಗುತ್ತದೆ.

ಸಾರಿಗೂ ಹಾಕುತ್ತಾರೆ. ಹುಣಸೆಹುಳಿಯ ಬದಲು ನಾಲ್ಕು ಕಾಯಿ ಜಜ್ಜಿ ಬೇಳೆಯ ಜೊತೆ ಬೇಯಿಸಿದರೆ ಹುಳಿಯ ಜೊತೆಗೆ ಒಂದು ಕಾಡು ವಾಸನೆಯೂ ಬರುತ್ತದೆ. ಬೆಲ್ಲ ಹಾಕಿ ಗೊಜ್ಜು ಮಾಡುವವರಿದ್ದಾರೆ. ಆದರೆ ಕವಳೆಯ ರಾಜಪದವಿ ಉಪ್ಪಿನಕಾಯಿಯಲ್ಲಿ. ಸೀಳಿದ ಕಾಯಿಯನ್ನು ಕಲ್ಲುಪ್ಪು, ಅರಿಸಿನದ ಜೊತೆ ಜಾಡಿಯಲ್ಲಿ ಮೂರು ದಿನ ಇಟ್ಟು, ಬಿಟ್ಟ ನೀರನ್ನು ಬೇರೆ ಮಾಡಿ, ಹೋಳನ್ನು ಬಿಳಿ ಬಟ್ಟೆಯ ಮೇಲೆ ಆರಲು ಹರವುತ್ತಾರೆ. ಹುರಿದ ಸಾಸಿವೆ, ಮೆಂತ್ಯದ ಪುಡಿ, ಮೆಣಸಿನಪುಡಿ ಸೇರಿಸಿ, ಕಾಯಿಸಿ ತಣಿಸಿದ ಎಣ್ಣೆ ಸುರಿದರೆ ಒಂದು ವರ್ಷ ನಿಶ್ಚಿಂತೆ. ಮಾವಿನ ಮಿಡಿ ಸಿಗದ ಬಯಲುಸೀಮೆಯವರಿಗೆ ಇದು ಬಡವರ ಮಿಡಿ ಎಂದು ಯಾರೋ ತಮಾಷೆ ಮಾಡಿದ್ದು ಕೇಳಿದ್ದೇನೆ. ನನಗಂತೂ ಎರಡನ್ನೂ ಎದುರಿಗಿಟ್ಟರೆ ಕೈ ಮೊದಲು ಕವಳೆಯ ಕಡೆಗೇ ಹೋಗುತ್ತದೆ. ಹಣ್ಣಿನಲ್ಲಿ ಪೆಕ್ಟಿನ್ ಅಂಶ ಚೆನ್ನಾಗಿದೆ. ಹಾಗಾಗಿ ರಸ, ಸಕ್ಕರೆ ಕುದಿಸಿ ಆರಲು ಬಿಟ್ಟರೆ ಬೇರೇನೂ ಬೆರೆಸದೆ ತಾನೇ ಜೆಲ್ಲಿ ಕಟ್ಟುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಒಮ್ಮೆ ಮಾಡಿ ನೋಡಬಹುದು.

ಇಲ್ಲೊಂದು ವಿಚಿತ್ರ ಹೇಳಬೇಕು. ಬೇಕರಿಯ ಕೇಕಿನ ನೆತ್ತಿಯ ಮೇಲೆ ಕೂತ ಕೆಂಪು ಚೆರ್ರಿ ಇದೆಯಲ್ಲ, ನಮ್ಮ ದೇಶದಲ್ಲಿ ಅದು ಬಹಳ ಸಲ ಚೆರ್ರಿಯೇ ಅಲ್ಲ, ಕವಳೆ. ದೊಡ್ಡ ಜಾತಿಯ ಕಾಯಿಯ ಬೀಜ ತೆಗೆದು, ಬಣ್ಣ ಬಿಡಿಸಿ, ಒಗರು ಕಳೆದು, ಸಕ್ಕರೆ ಪಾಕದಲ್ಲಿ ಅದ್ದಿ, ಕೆಂಪು ಬಣ್ಣ ಏರಿಸಿ ಡಬ್ಬಿಗೆ ತುಂಬುತ್ತಾರೆ. ಕವಳೆಯದೆನ್ನುವ ಬಣ್ಣ, ಹುಳಿ, ಒಗರು ಎಲ್ಲವನ್ನೂ ಕಿತ್ತುಹಾಕಿದ ಮೇಲೆ ಅದಕ್ಕೆ ವಿಲಾಯಿತಿ ಹೆಸರು, ವಿಲಾಯಿತಿ ಬೆಲೆ. ಹುಟ್ಟುಹಬ್ಬದಲ್ಲಿ ಆ ಚೆರ್ರಿಗಾಗಿ ಜಗಳವಾಡುವ ಹುಡುಗರು ಬಸ್‌ಸ್ಟ್ಯಾಂಡಿನ ಮಂಕರಿಯ ಮುಂದೆ ಮೂಗು ಮುರಿಯುವುದನ್ನು ಕಂಡರೆ ನಗು ಬರುತ್ತದೆ.

ಈಗ ಔಷಧದ ವಿಚಾರ. ಕಾಡಿನಿಂದ ಏನೇ ಬರಲಿ, ಅದು ಸಕ್ಕರೆ ಕಾಯಿಲೆಗೆ ರಾಮಬಾಣ, ಕ್ಯಾನ್ಸರಿಗೆ ಮದ್ದು ಎಂದು ಮೊಬೈಲಿನಲ್ಲಿ ಸುದ್ದಿ ಹರಿದಾಡುವ ಕಾಲ ಇದು. ಕವಳೆಯನ್ನೂ ಬಿಟ್ಟಿಲ್ಲ. ಹಣ್ಣು ಒಣಗಿಸಿ ಪುಡಿ ಮಾಡಿ ಡಬ್ಬಿಗೆ ಹಾಕಿ ಮಾರುವ ಉತ್ಸಾಹ ಕಂಡಾಗ ನನಗೆ ಅನ್ನಿಸುವುದಿಷ್ಟು: ಕವಳೆ ಹಣ್ಣು ಔಷಧವಾಗಿ ಬಾಳಿದ್ದು ಊಟದ ತಟ್ಟೆಯಲ್ಲಿ. ಅದನ್ನು ಅಲ್ಲಿಂದ ಎತ್ತಿ ಮಾತ್ರೆಯ ಡಬ್ಬಿಗೆ ಹಾಕಿದರೆ ಲಾಭ ಮಾರುವವನಿಗೇ ಹೊರತು ತಿನ್ನುವವನಿಗಲ್ಲ.

ಹಳೆಯ ಗ್ರಂಥಗಳೂ ಹಾಗೆಯೇ ನೋಡಿದ್ದವು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೃದಯಕ್ಕೆ ಹಿತವಾದ ಹತ್ತು ದ್ರವ್ಯಗಳ ಗುಂಪೊಂದಿದೆ. ಕರಮರ್ದ ಅದರಲ್ಲಿದೆ. ಅದರ ಅಕ್ಕಪಕ್ಕ ಕೂತಿರುವವರು ಯಾರೆಂದು ನೋಡಿ: ಮಾವು, ಅಮಟೆ, ಬೋರೆ, ದಾಳಿಂಬೆ, ಮಾದಲ. ಎಲ್ಲವೂ ಹುಳಿ, ಎಲ್ಲವೂ ಅಡುಗೆಮನೆಯವು. ಭಾವಮಿಶ್ರನದೂ ಅದೇ ದಾರಿ: ಕಾಯಿ ಹುಳಿ, ಜೀರ್ಣಕ್ಕೆ ಭಾರ, ಬಾಯಾರಿಕೆ ತಣಿಸುತ್ತದೆ, ಹಣ್ಣು ಸಿಹಿ, ಹಗುರ, ಪಿತ್ತ ವಾತಗಳನ್ನು ಇಳಿಸುತ್ತದೆ ಎನ್ನುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಸುರಿಗೆ ಬಾಯಿರುಚಿ ಕೆಟ್ಟಾಗ, ಜ್ವರ ಬಿಟ್ಟವರಿಗೆ ಅನ್ನ ಸೇರದಾಗ, ಪಿತ್ತವೆದ್ದು ಬಾಯಿ ಕಹಿಯಾದಾಗ ಜಾಡಿಯಿಂದ ಕವಳೆಯ ಹೋಳು ತೆಗೆದುಕೊಡುವುದಕ್ಕೂ ಈ ಮಾತಿಗೂ ಹೆಚ್ಚು ದೂರವಿಲ್ಲ. ವಸಡಿನಲ್ಲಿ ರಕ್ತ ಒಸರುವವರಿಗೆ ಹಣ್ಣು ತಿನ್ನಲು ಹೇಳುತ್ತಿದ್ದರು. ಇದರಲ್ಲಿ ಸಿ ಜೀವಸತ್ವ ಇರುವುದರಿಂದ ಆ ಸಲಹೆಯಲ್ಲಿ ಹುರುಳಿತ್ತು.

‘ಕವಳೆ ತಿಂದರೆ ರಕ್ತ ಆಗುತ್ತೆ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬಹುದು. ರಾಗಿಯಲ್ಲಿ, ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ, ಆದರೆ ಸಸ್ಯಮೂಲದ ಕಬ್ಬಿಣವನ್ನು ನಮ್ಮ ಕರುಳು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನ ಜೊತೆ ಸಿ ಜೀವಸತ್ವ ಇದ್ದರೆ ಹೀರಿಕೆ ಹೆಚ್ಚುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರು, ಬೆಂಕಿ ಕಾಣದ ಹಸಿ ಕವಳೆ ಚಟ್ನಿ ಒಂದೇ ತಟ್ಟೆಗೆ ಬಿದ್ದಾಗ ಆಗುವುದು ಇದು. ಸಿ ಜೀವಸತ್ವ ಕುದಿಸಿದರೆ, ಬಿಸಿಲಿಗೆ ಒಣಗಿಸಿದರೆ ಬಹುಪಾಲು ಹಾಳು. ಪುಡಿಯ ಡಬ್ಬಿಗಿಂತ ಒರಳ ಚಟ್ನಿಯೇ ಮೇಲು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗೆಂದು ರಕ್ತಹೀನತೆ ಇದೆಯೆಂದು ಡಾಕ್ಟರು ಹೇಳಿದವರು ಮಾತ್ರೆ ಬಿಟ್ಟು ಚಟ್ನಿ ನೆಚ್ಚಿಕೊಂಡು ಕೂರುವುದೂ ಸಲ್ಲ.

ಬೇರಿನ ಕಥೆ ಬೇರೆ. ದನಕರುಗಳ ಹುಳ ಬಿದ್ದ ಗಾಯಕ್ಕೆ ಕವಳೆ ಬೇರು ತೇದು ಹಚ್ಚುವ ರೂಢಿ ದೇಶದ ಹಲವು ಕಡೆ ಇದೆ. ಹೊಟ್ಟೆಹುಳಕ್ಕೆ, ಅಜೀರ್ಣಕ್ಕೆ ಕಷಾಯ ಕೊಡುವ ನಾಟಿ ಪಂಡಿತರೂ ಇದ್ದರು. ಬೇರು ಮನೆಯಲ್ಲಿದ್ದರೆ ಹಾವು ಬರುವುದಿಲ್ಲ ಎಂದು ಮಾಡಿಗೆ ಸಿಕ್ಕಿಸಿಡುವವರ ನಂಬಿಕೆಯನ್ನು ಅವರಿಗೇ ಬಿಡೋಣ, ಹಾವಿಗೆ ಅದು ಗೊತ್ತಿರುವಂತಿಲ್ಲ. ಆದರೆ ಬೇರಿನಲ್ಲಿ ನಿಜವಾಗಿ ಏನೋ ಇದೆ. ಹೃದಯದ ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುವ ಗ್ಲೈಕೋಸೈಡುಗಳು ಅವು. ಕಣಗಿಲೆಯ ನೆಂಟಸ್ತನ ಎಂದೆನಲ್ಲ, ಇಲ್ಲಿ ಬಂತು. ಕಣಗಿಲೆಯ ವಿಷ ಹೃದಯದ ಬಡಿತವನ್ನು ಹದಗೆಡಿಸಿ ಕೊಲ್ಲುವುದು ಎಲ್ಲರಿಗೂ ಗೊತ್ತು. ಪೂರ್ವ ಆಫ್ರಿಕಾದಲ್ಲಿ ಕವಳೆಗೆ ತೀರಾ ಹತ್ತಿರದ ಅಕೊಕಾಂಥೆರಾ ಎಂಬ ಮರವಿದೆ. ಅಲ್ಲಿನ ಬೇಟೆಗಾರರು ಅದರ ರಸವನ್ನು ಬಾಣದ ತುದಿಗೆ ಬಳಿಯುತ್ತಿದ್ದರು. ಆ ರಸದಿಂದ ಔವಾಬೈನ್ ಎಂಬ ವಸ್ತುವನ್ನು 1888ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆರ್ನೋ ಬೇರ್ಪಡಿಸಿದ. ಅತಿ ಸಣ್ಣ ಪ್ರಮಾಣದಲ್ಲಿ ಅದು ಹೃದಯದ ಔಷಧವಾಗಿಯೂ ಬಳಕೆಯಾಯಿತು.

ಮಸಾಯಿಗಳು ಬೇರು ಕುದಿಸಿ ಕುಡಿಯುತ್ತಾರಲ್ಲ ಎಂದು ಕೇಳಬಹುದು. ಎಷ್ಟು, ಯಾವಾಗ, ಯಾರಿಗೆ ಎನ್ನುವುದು ಅವರಿಗೆ ತಲೆಮಾರುಗಳಿಂದ ಬಂದ ಬಳಕೆ; ನಮಗೆ ಬಂದಿರುವುದು ವಾಟ್ಸ್ಯಾಪಿನ ಮೂರು ಸಾಲು. ಹೃದಯದ ಮಾತ್ರೆ ನುಂಗುವವರು, ಅದರಲ್ಲೂ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಕವಳೆ ಬೇರಿನ ಕಷಾಯದ ಹತ್ತಿರ ಸುಳಿಯಬಾರದು. ಅದು ಒಂದೇ ಕೆಲಸವನ್ನು ಎರಡು ಕಡೆಯಿಂದ ಮಾಡಿಸಿದಂತೆ. ಪಂಡಿತರಿದ್ದರೆ, ಅವರು ಬಲ್ಲವರಾಗಿದ್ದರೆ, ಬೇರು ಅವರ ಪಾಲಿಗಿರಲಿ. ಗಿಡ ಅಗೆದು ಬೇರು ಕಿತ್ತರೆ ಮುಂದಿನ ಮುಂಗಾರಿಗೆ ಹಣ್ಣೂ ಇಲ್ಲ, ಅದು ಇನ್ನೊಂದು ಲೆಕ್ಕ.

ಮುಳ್ಳಿನ ಬಗ್ಗೆ ಒಂದು ಮಾತು ಹೇಳದೆ ಹೋದರೆ ಗಿಡಕ್ಕೆ ಅನ್ಯಾಯ. ಈ ಜಿಲ್ಲೆಯ ಗೊಲ್ಲರಹಟ್ಟಿಗಳು ಮುಳ್ಳುಬೇಲಿಯನ್ನೇ ಕೋಟೆ ಮಾಡಿಕೊಂಡು ಬದುಕಿದವು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರೂ ಇದೇ ಉಪಾಯ ಹಿಡಿದರು, ಆದರೆ ಎಂಥ ಕೆಲಸಕ್ಕೆ! ತೆರಿಗೆ ಕೊಡದ ಉಪ್ಪು ಒಳನಾಡಿಗೆ ನುಸುಳದಂತೆ ಉತ್ತರ ಭಾರತದ ಉದ್ದಕ್ಕೂ ನೂರಾರು ಮೈಲಿ ಜೀವಂತ ಬೇಲಿ ಬೆಳೆಸಿದರು. ಜಾಲಿ, ಬೋರೆ, ಪಾಪಾಸುಕಳ್ಳಿಯ ಜೊತೆ ಅದರಲ್ಲಿ ಕವಳೆಯೂ ಇತ್ತು. ಬೇಲಿಯನ್ನು ಮುತುವರ್ಜಿಯಿಂದ ಬೆಳೆಸಿದ ಅಧಿಕಾರಿ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದೆ ನಿಂತವನು. 1879ರಲ್ಲಿ ಆ ಸುಂಕದ ಗಡಿ ರದ್ದಾಯಿತು, ಬೇಲಿ ಹೇಳಹೆಸರಿಲ್ಲದೆ ಹೋಯಿತು. ಜನರಿಗೆ ಉಪ್ಪು ಸಿಗದಂತೆ ಕಾಯಲು ನಿಂತ ಗಿಡ, ಉಪ್ಪಿಲ್ಲದೆ ತಿನ್ನಲಾಗದ ಕಾಯಿಯದು.

ಇವತ್ತು ಬೇಲಿಯ ಕವಳೆಗೆ ಕಂಟಕ ಬಂದಿರುವುದು ಜೆಸಿಬಿಯಿಂದ. ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ ಏರಿದೆ, ಹಿರಿಯೂರಿನಲ್ಲಿ ದಾಳಿಂಬೆ. ಭದ್ರಾ ನೀರು ಬರುತ್ತದೆಂಬ ಆಸೆಯೂ ಸೇರಿ ಒಂದೊಂದು ಅಡಿ ನೆಲಕ್ಕೂ ಬೆಲೆ. ಬದುವಿನ ಪೊದೆ ಕಿತ್ತು ತಂತಿ ಎಳೆದರೆ ಎರಡು ಸಾಲು ಹೆಚ್ಚು ಸಸಿ ಕೂರುತ್ತವೆ. ರೈತನನ್ನು ಬೈಯುವ ಹಕ್ಕು ಪೇಟೆಯಲ್ಲಿ ಕೂತು ಬರೆಯುವ ನನಗಿಲ್ಲ. ಗುಡ್ಡದ ಮೇಲಿನ ಗಿಡಕ್ಕೆ ಬೇಸಿಗೆಯ ಬೆಂಕಿ ಶತ್ರು, ಲಂಟಾನ ಇನ್ನೊಂದು ಶತ್ರು.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದಿಂದ ಹೊರತೆಗೆದ ಕಾಡುತ್ಪನ್ನವನ್ನು ಸುತ್ತಲಿನ ಜನ ಸ್ವಂತ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ, ಅವುಗಳ ಮಾರಾಟದ ಮೇಲೂ, ಪರಿಶಿಷ್ಟ ಪಂಗಡದವರಿಗೆ ಮತ್ತು ಪಾರಂಪರಿಕ ಅರಣ್ಯವಾಸಿಗಳಿಗೆ ಹಕ್ಕು ಕೊಡುತ್ತದೆ. ಆದರೆ ಆ ಹಕ್ಕು ಕಾಗದದ ಮೇಲೆ ಸಾಬೀತಾಗಬೇಕು, ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ ವಾಸ ತೋರಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಮಂಕರಿ ಇಟ್ಟುಕೊಂಡು ಕೂತವಳ ಹತ್ತಿರ ಯಾವ ಕಾಗದವಿದೆ? ಅವಳು ಹಣ್ಣು ಕಿತ್ತದ್ದರಿಂದ ಪೊದೆಗೆ ನಷ್ಟವಿಲ್ಲ. ಹಣ್ಣನ್ನು ಪಿಕಳಾರ ತಿಂದರೂ, ಕರಡಿ ತಿಂದರೂ, ನಾವು ತಿಂದು ರಸ್ತೆ ಬದಿಗೆ ಉಗಿದರೂ ಬೀಜ ಒಂದಲ್ಲ ಒಂದು ಕಡೆ ಬೀಳುತ್ತದೆ. ಹಣ್ಣು ಕೀಳುವುದಕ್ಕೂ ಬೇರು ಅಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕಾವಲಿನವರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಹೊಲದ ಬದುವಿಗೆ ಕವಳೆ ಬೇಕೆನ್ನುವವರಿಗೆ ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ತಳಿಗಳಿವೆ, ದಪ್ಪ ಕಾಯಿಯವು, ಉಪ್ಪಿನಕಾಯಿಗೆ ಅನುಕೂಲ. ಆದರೆ ನಮ್ಮ ಗುಡ್ಡದ ಸಣ್ಣ ಕವಳೆಯ ರುಚಿಯೇ ಬೇಕೆಂದರೆ ಅದಕ್ಕೆ ನರ್ಸರಿ ಹುಡುಕಬೇಕಿಲ್ಲ. ಲೋಟದ ಹಣ್ಣು ತಿಂದು ಬೀಜ ಬಾಯಿಂದ ತೆಗೆದ ದಿನವೇ ತೊಳೆದು ನೆರಳಲ್ಲಿ ಆರಿಸಿ ಮರಳು, ಗೊಬ್ಬರ ಬೆರೆಸಿದ ಪಾಕೀಟಿಗೆ ಹಾಕಬೇಕು. ಮುಂದಿನ ವರ್ಷ ನೋಡೋಣ ಎಂದು ಡಬ್ಬಿಯಲ್ಲಿ ಕಟ್ಟಿಟ್ಟ ಬೀಜ ಹುಟ್ಟುವುದಿಲ್ಲ. ಸಸಿ ಗೇಣುದ್ದವಾದ ಮೇಲೆ ಮರುವರ್ಷದ ಮುಂಗಾರಿನಲ್ಲಿ ಬದುವಿಗೆ ಇಳಿಸಿ, ಮೊದಲ ಬೇಸಿಗೆ ಎರಡು ಕೊಡ ನೀರು ಕೊಟ್ಟು, ಮೇಕೆಗೆ ಸಿಗದಂತೆ ಒಂದಿಷ್ಟು ಕಂಪೆ ಮುಚ್ಚಬೇಕು. ಮುಳ್ಳಿದ್ದರೂ ಎಳೆ ಚಿಗುರನ್ನು ಮೇಕೆ ಬಿಡುವುದಿಲ್ಲ. ಮೂರನೆಯ ಅಥವಾ ನಾಲ್ಕನೆಯ ವರ್ಷ ಕಾಯಿ ಹಿಡಿಯುತ್ತದೆ.